ಚಟ್ನಿಯಲ್ಲಿ ಕಲಸಿದ ಗುಳಿಗೆ

ಮಗಳ ಹೊಟ್ಟೆಯ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಶೇಂಗಾ ಚಟ್ನಿಯದು.

ಅವಳಿಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್, ಎದೆಯ ಕಫವೂ ಹೊಟ್ಟೆಯ ರಸವೂ ಅಂಟಾಗುವ ಕಾಯಿಲೆ. ಕೆಮ್ಮು ಎಲ್ಲರಿಗೂ ಕೇಳಿಸುತ್ತದೆ, ಹೊಟ್ಟೆಯೊಳಗಿನದು ಯಾರಿಗೂ ಗೊತ್ತಾಗುವುದಿಲ್ಲ. ಮೇದೋಜೀರಕ ಗ್ರಂಥಿಯ ರಸ ಅಂಟಂಟಾಗಿ ನಾಳದಲ್ಲೇ ಸಿಕ್ಕಿಕೊಳ್ಳುತ್ತದೆ, ಕರುಳಿಗೆ ಇಳಿಯುವುದೇ ಇಲ್ಲ. ಹಾಗಾಗಿ ತಿಂದ ಎಣ್ಣೆ, ತುಪ್ಪ ಮೈಗೆ ಹತ್ತುವುದಿಲ್ಲ. ಆ ರಸದ ಬದಲಿಗೆ ಪ್ರತಿ ಸಲ ತಿನ್ನುವ ಮೊದಲು ಗುಳಿಗೆ ನುಂಗಬೇಕು.

ಮೂರನೆಯ ಇಯತ್ತೆಗೆ ಬಂದಾಗ ಗೆಳತಿಯರೆದುರು ಗುಳಿಗೆ ನುಂಗಲು ನಾಚಿಕೊಂಡಳು. ನಾನೊಂದು ಜಾಣತನ ಮಾಡಿದೆ. ಬೆಳಿಗ್ಗೆಯೇ ಗುಳಿಗೆ ಬಿಚ್ಚಿ, ಒಳಗಿನ ಸಣ್ಣ ಸಣ್ಣ ಕಾಳನ್ನು ಮೊಸರು ಹಾಕಿದ ಶೇಂಗಾ ಚಟ್ನಿಯಲ್ಲಿ ಕಲಸಿ ಡಬ್ಬಿಗೆ ತುಂಬಿದೆ. ಹೀಗೇ ಎರಡು ತಿಂಗಳು.

ಬಾಗಲಕೋಟೆಯ ದವಾಖಾನೆಯಲ್ಲಿ ತೂಕ ನೋಡಿದರೆ ಏರುವುದಿರಲಿ, ಇಳಿದಿತ್ತು. ಡಾಕ್ಟರಮ್ಮ ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿದೆ.

"ಮುಂಜಾನಿ ಕಲಸಿಟ್ರ ಆ ಕಾಳಿನ ಮ್ಯಾಲಿನ ಪದರ ಕರಗಿ ಔಷಧ ಹಾಳಾಗ್ತೈತ್ರಿ. ಮುಂದಿನ ಸಲ ತೂಕ ಏರಾಕಬೇಕು. ಇಲ್ಲಾಂದ್ರ ಅಕಿಗೆ ಕೆಮ್ಮು ತಡಕೊಳ್ಳೂ ಶಕ್ತಿ ಉಳಿಯೂದಿಲ್ಲ."

ಜೊತೆಗಿದ್ದ ನಮ್ಮ ಅತ್ತೆ, "ಎಣ್ಣಿ, ತುಪ್ಪ ಬಂದ್ ಮಾಡೂಣೇನ್ರಿ?" ಎಂದರು.

"ಬ್ಯಾಡ್ರಿ ಅಜ್ಜಿ! ಗುಳಿಗಿ ಕೊಟ್ಟು ಚಲೋತ್ನಾಗಿ ತಿನಸ್ರಿ. ತುಪ್ಪ, ಶೇಂಗಾ, ಕರದಂಟು, ಎಲ್ಲಾ."

ಇಳಕಲ್ಲಿಗೆ ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಿದ್ದೇ ತಡ, ಅತ್ತೆ ಇಳಿದು ಬೆಲ್ಲದ ಪಾಕದ ಕರದಂಟು ತಂದರು. ಮಗಳು ಗುಳಿಗೆ ನುಂಗಿ, ಒಂದು ತುಂಡು ಬಾಯಿಗೆ ಹಾಕಿಕೊಂಡು, ಹಲ್ಲಿಗೆ ಅಂಟಿದ್ದನ್ನು ನಾಲಿಗೆಯಿಂದ ಬಿಡಿಸುತ್ತ ಕೇಳಿದಳು: "ಅಜ್ಜಿ, ನನ್ನ ಹೊಟ್ಟ್ಯಾಗಿನ ರಸಾನೂ ಹಿಂಗ ಅಂಟೇತೇನು?"

"ಹೂಂ ಮತ್ತ! ಪಾಕ ಗಟ್ಟಿ ಆಗಿ ಕುಂತೈತಿ. ನಿಂದು ಸ್ವಂತ ಕರದಂಟಿನ ಅಂಗಡಿ."

ಹುನಗುಂದ ದಾಟುವತನಕ ನಕ್ಕಳು. ಮರುದಿನ ಶಾಲೆಯಲ್ಲಿ ಅದನ್ನೇ ಹೇಳಿದಳಂತೆ. ಅಂದಿನಿಂದ ಅವಳು ಡಬ್ಬಿ ತೆಗೆದರೆ ಗೆಳತಿಯರೇ ಕೂಗುವುದು: "ಏ ಕರದಂಟಿನ ಅಂಗಡಿ, ಗುಳಿಗಿ ತಗೊಂಡಿಯೇನ?"

ಮುಂದಿನ ಭೇಟಿಯಲ್ಲಿ ತೂಕ ಒಂದೂವರೆ ಕಿಲೋ ಏರಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ತಾವೂ ತೂಕದ ಯಂತ್ರ ಹತ್ತಿದ್ದರು.

"ನಂದು ಮೂರು ಕಿಲೋ ಏರೇತ್ರಿ!" ಎಂದು ಡಾಕ್ಟರಮ್ಮನತ್ತ ತಿರುಗಿದರು. "ಅಕಿಗೊಂದು ತುಂಡು ಕೊಟ್ಟಾಗ ನಾನೂ ಒಂದು ತಿನ್ನಲಿಲ್ಲಾಂದ್ರ ಅಕಿ ಬಾಯಿನ ತೆರೀತಿದ್ದಿಲ್ಲ. ಈಗ ನನಗ್ಯಾವ ಗುಳಿಗಿ ಕೊಡ್ತೀರಿ?"