ಗೇಟಿನವನ ಸರದಿ

ಅವಳನ್ನು ಎಲ್ಲರೂ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಓಡಿಬಂದವರಿಗೆ ಪುಕ್ಕಟೆಯಾಗಿ ವಕೀಲರನ್ನು ಒದಗಿಸುವ ಕಚೇರಿಯೊಂದು ಆ ಊರಿನಲ್ಲಿ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಬಂದವರಿಗೆ ಸರದಿಯ ಚೀಟಿ ಕೊಡುವುದು, ಅವರ ಕಾಗದ ನೋಡಿ ಯಾರದು ಅವಸರದ್ದು ಎಂದು ಒಳಗೆ ತಿಳಿಸುವುದು, ಅಳುವವರಿಗೆ ನೀರು ಕೊಡುವುದು ಅವಳ ಕೆಲಸ. ಕೆಳಗಿನಿಂದ ರಬ್ಬರ್ ವಾಸನೆ ದಿನವಿಡೀ ಮೇಲೇರುತ್ತಿತ್ತು. ಅಲ್ಲಿಗೆ ಬರುವವರು ಅದಕ್ಕೆ ಮೂಗು ಮುಚ್ಚಿಕೊಳ್ಳುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ ಬಿಡಿ.

ಅವಳೂ ಒಂದು ಕಾಲದಲ್ಲಿ ಮಗಳ ಕೈ ಹಿಡಿದು ಅದೇ ಮೆಟ್ಟಿಲು ಹತ್ತಿದವಳು. ಕಚೇರಿಯ ವಕೀಲಮ್ಮ ಅವಳ ಪರವಾಗಿ ಅಧಿಕಾರಿಗಳೆದುರು ಗಂಟಲು ಹರಿಯುವಂತೆ ವಾದಿಸಿ, ಇಲ್ಲಿ ನೆಲೆಸುವ ಅನುಮತಿ ಕೊಡಿಸಿದ್ದರು. ಅನುಮತಿ ಕೈಗೆ ಬಂದ ದಿನ ಅವಳು, "ಇಲ್ಲೇ ಏನಾದ್ರೂ ಕೆಲಸ ಕೊಡಿ ಮೇಡಂ, ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ," ಅಂದಳು. ಹೀಗೆ ಬಾಗಿಲ ಪಕ್ಕದ ಮೇಜು ಅವಳದಾಯಿತು. ಬಂದವರೆಲ್ಲ ಅವಳನ್ನು ಹಸುವಿನಂಥ ಹೆಂಗಸು ಎಂದು ಹೊಗಳುವರು. ಅವಳ ಹೊಟ್ಟೆಯೊಳಗೆ ಏನು ಕುದಿಯುತ್ತಿದೆ ಎಂದು ಗೊತ್ತಿದ್ದರೆ ಒಂದು ಮಾರು ದೂರ ಕೂತು ಹೊಗಳುತ್ತಿದ್ದರೋ ಏನೋ.

ಕುದಿಯುತ್ತಿದ್ದುದು ಗಂಡನ ಸಾವು. ಅವನು ತಮ್ಮ ದೇಶದಲ್ಲಿ ವ್ಯಾನ್ ಓಡಿಸುತ್ತಿದ್ದ. ಅವರ ಪಂಗಡದವರ ಬೀದಿಗೆ ಬೆಂಕಿ ಇಟ್ಟ ದಿನ, ವ್ಯಾನಿನಲ್ಲಿ ಹಿಡಿಸುವಷ್ಟು ಜನರನ್ನು ತುಂಬಿಕೊಂಡು ಊರಾಚೆ ಬಿಟ್ಟುಬಂದ. ಅದೇ ಅವನ ಅಪರಾಧ. ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಅವಳು ಸುಮ್ಮನೆ ಅಳುತ್ತ ಕೂರಲಿಲ್ಲ. ನರೆತ ಕೂದಲಿನ ವಕೀಲರೊಬ್ಬರ ಕಾಲು ಹಿಡಿದು, ಬಂಧಿಸಿದವನನ್ನು ವಕೀಲರು ಕಾಣಬಹುದೆಂದು ಕೋರ್ಟಿನಿಂದ ಅಪ್ಪಣೆ ಬರೆಸಿಕೊಂಡು, ಠಾಣೆಯ ಗೇಟಿಗೆ ಹೋಗಿ ನಿಂತಳು. ಗೇಟಿನ ಪೊಲೀಸಿನವನು ಆ ಕಾಗದವನ್ನು ಮುಟ್ಟಲೂ ಇಲ್ಲ. "ಸಾಹೇಬ್ರಿಲ್ಲ, ನಾಳೆ ಬನ್ನಿ," ಅಂದ. ಮರುದಿನವೂ ಅದೇ ಮಾತು. ಅದರ ಮರುದಿನ ವಕೀಲರು ದನಿ ಎತ್ತಿದ್ದಕ್ಕೆ ಅವರ ಕನ್ನಡಕ ನೆಲಕ್ಕೆ ಬಿತ್ತು, ಅವನು ನಕ್ಕ. ಕೊನೆಗೆ ಠಾಣೆಯವರೇ ಕರೆಸಿ, ಎದೆನೋವು ಬಂದು ಹೋದ ಎಂದು ಹೆಣ ಒಪ್ಪಿಸಿದರು.

ತಾನು ಗೇಟಿನಲ್ಲಿ ನಿಂತಿದ್ದಾಗ ಒಳಗೆ ಗಂಡ ಬದುಕಿದ್ದನೋ ಇಲ್ಲವೋ ಎಂಬುದು ಮಾತ್ರ ಅವಳಿಗೆ ತಿಳಿಯಲೇ ಇಲ್ಲ. ಇಲ್ಲಿನ ಅಧಿಕಾರಿ ವಿಚಾರಣೆಯಲ್ಲಿ, ನಿಮ್ಮ ಗಂಡ ತೀರಿಕೊಂಡದ್ದು ಯಾವಾಗ ಎಂದು ಕೇಳಿದಾಗ ಅವಳು ಹೆಣ ಕೊಟ್ಟ ದಿನ ಮಾತ್ರ ಗೊತ್ತು ಎಂದಿದ್ದಳು. ಸತ್ತಮೇಲೆ ಹೋಗಿ ನಿಂತಿದ್ದರೆ ಅದು ಹಣೆಬರಹ ಎಂದುಕೊಳ್ಳಬಹುದು. ಬದುಕಿದ್ದಾಗಲೇ ನಿಂತಿದ್ದರೆ, ಅವನನ್ನು ಕೊಂದದ್ದು ಆ ಗೇಟು. ಇಷ್ಟನ್ನು ಗೊತ್ತುಮಾಡಿಕೊಳ್ಳದೆ ಅವಳಿಗೆ ಒಂದು ದಿನವೂ ಅನ್ನ ಸರಿಯಾಗಿ ಇಳಿದಿರಲಿಲ್ಲ.

ಅಂಥವಳ ಮೇಜಿನ ಮುಂದೆ ಒಂದು ಸೋಮವಾರ ಆ ಗೇಟಿನವನೇ ಬಂದು ನಿಂತ.

ಮೀಸೆ ಹೋಗಿತ್ತು, ಕೆನ್ನೆ ಒಳಗೆ ಸೇರಿತ್ತು, ಯಾರದೋ ದೊಗಳೆ ಕೋಟು ಮೈಮೇಲಿತ್ತು. ಆದರೆ ಮಾತಾಡುವ ಮುಂಚೆ ಎದುರಿನವರ ತಲೆಯ ಮೇಲಿಂದ ಎಲ್ಲೋ ನೋಡುವ ಆ ಚಾಳಿ ಎಲ್ಲಿ ಹೋಗಬೇಕು? ಅವನಿಗೆ ಅವಳ ಗುರುತು ಎಳ್ಳಷ್ಟೂ ಹತ್ತಲಿಲ್ಲ. ಗೇಟಿನ ಆಚೆ ನಿಂತು ಗೋಗರೆದ ನೂರಾರು ಹೆಂಗಸರಲ್ಲಿ ಅವಳೂ ಒಬ್ಬಳು, ಅಷ್ಟೇ.

"ವಕೀಲರನ್ನ ನೋಡಬೇಕಿತ್ತು ಅಕ್ಕ," ಅಂದ. ದನಿಯಲ್ಲಿ ಬೆಣ್ಣೆ.

ಅವಳು ಕಾಗದ ಇಸಿದುಕೊಂಡು ನೋಡಿದಳು. ಅಲ್ಲಿ ಸರ್ಕಾರ ಬದಲಾಗಿ, ಹೊಸಬರು ಹಳೆಯ ಪೊಲೀಸರನ್ನು ಹುಡುಕಿ ಹಿಡಿಯುತ್ತಿದ್ದರಂತೆ. ಇವನು ಕಾಲಿಗೆ ಬುದ್ಧಿ ಹೇಳಿ ಬಂದು ಆಶ್ರಯ ಕೇಳಿದ್ದ. ಹೆಂಡತಿ ಮತ್ತು ಮಗುವಿನ ಹೆಸರುಗಳೂ ಅವನ ಅರ್ಜಿಯೊಳಗೇ ಇದ್ದವು. ಅವನಿಗೆ ಏನು ತೀರ್ಪೋ ಅವರಿಗೂ ಅದೇ. ತನ್ನ ಹೇಳಿಕೆಯನ್ನು ಶುಕ್ರವಾರದೊಳಗೆ ಕೊಡದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಪುಕ್ಕಟೆ ವಕೀಲರು ಬೇಕೆಂದರೆ ಊರಿನ ನಡುವೆ ಹರಿಯುವ ಹೊಳೆಯ ಈ ದಂಡೆಯಲ್ಲಿ ಇದೊಂದೇ ಬಾಗಿಲು. ಎಲ್ಲವನ್ನೂ ಎರಡು ಸಲ ಓದಿ, ನೀಟಾಗಿ ಮಡಿಸಿ, ಅವನ ಕೈಗೇ ವಾಪಸು ಕೊಟ್ಟಳು.

"ಇವತ್ತಿನ ಚೀಟಿ ಮುಗೀತು. ನಾಳೆ ಬನ್ನಿ."

ಮುಗಿದಿರಲಿಲ್ಲ. ಮೇಜಿನ ಮೇಲೆ ಅವು ಕಾಣುವಂತೆಯೇ ಬಿದ್ದಿದ್ದವು. ಅವನು ಅವನ್ನು ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿ ಮೆಟ್ಟಿಲು ಇಳಿದ. ಚೀಟಿ ಅಕ್ಕ ಆ ಮಧ್ಯಾಹ್ನ ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡಳು.

ಮಂಗಳವಾರ ಬಂದ, ನಾಳೆ ಬನ್ನಿ. ಬುಧವಾರ ಬಾಗಿಲು ತೆಗೆಯುವ ಮೊದಲೇ ಬಂದು ಕೂತಿದ್ದ. ಅವನ ಹಿಂದೆ ಬಂದವರನ್ನೆಲ್ಲ ಅವನ ಕಣ್ಣೆದುರೇ ಒಳಗೆ ಕಳಿಸಿ, ಅವನಿಗೆ ನಾಳೆ ಬನ್ನಿ ಅಂದಳು. ಅವನು ಕೈಮುಗಿದ. ಮುಗಿಯಲಿ, ಇನ್ನಷ್ಟು ಮುಗಿಯಲಿ. ಮನೆಯಲ್ಲಿ ಮಗಳು, "ಏನಮ್ಮ, ಒಬ್ಬಳೇ ನಗ್ತಾ ಇದೀಯ?" ಎಂದು ಕೇಳಿದಳು. ಶುಕ್ರವಾರ ಕಳೆದ ಮೇಲೆ ಅವನು ಅಧಿಕಾರಿಯ ಮುಂದೆ ದಿಕ್ಕಿಲ್ಲದೆ ಒಬ್ಬನೇ ನಿಲ್ಲುವುದನ್ನು ಅವಳು ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ, ಮತ್ತೆ ಮತ್ತೆ ಕಣ್ಣಿಗೆ ತಂದುಕೊಂಡಳು. ಪ್ರತಿ ಸಲವೂ ಅದು ಹಿಂದಿನ ಸಲಕ್ಕಿಂತ ರುಚಿಯಾಗಿತ್ತು.

ಗುರುವಾರ ಅವನು ಹೆಂಡತಿಯನ್ನೂ ಕರೆತಂದ. ಒಣಗಿದ ಮುಖದ ಆ ಹೆಂಗಸು ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಆಗ ವಕೀಲಮ್ಮ ಕೋರ್ಟಿನಿಂದ ಬರಬೇಕೆ? "ಯಾಕಮ್ಮ ಇಲ್ಲಿ ಕೂತಿದ್ದೀರಿ?" ಎಂದು ಕೇಳಿದರು. "ಸೋಮವಾರದಿಂದ ಬರ್ತಿದ್ದಾರೆ ನಮ್ಮೋರು, ಚೀಟಿ ಸಿಕ್ತಿಲ್ಲ. ನಾಳೇನೇ ಕೊನೇ ದಿನ," ಎಂದಳು ಅವಳು.

ವಕೀಲಮ್ಮ ಸೀದಾ ಬಂದು ಚೀಟಿ ಅಕ್ಕನನ್ನು ಒಳಕೋಣೆಗೆ ಕರೆದರು. ಅವಳು ಮುಚ್ಚಿಡಲಿಲ್ಲ. ಕೇಳುತ್ತ ಕೇಳುತ್ತ ವಕೀಲಮ್ಮನ ಮುಖ ಮೊದಲು ಕೆಂಪಾಗಿ ಆಮೇಲೆ ಬಿಳಿಚಿಕೊಂಡಿತು.

"ಈ ಕುರ್ಚೀಲಿ ಕೂತು ಇದನ್ನ ಮಾಡಬಾರದಿತ್ತು ನೀವು."

"ಮಾಡಬಾರದಿತ್ತು. ಮಾಡಿದೆ. ಬೇಕಾದ್ರೆ ಕುರ್ಚಿ ತಗೊಳ್ಳಿ ಮೇಡಂ."

"ಕುರ್ಚಿ ಮಾತು ಆಮೇಲೆ. ಅವನಿಗೂ ವಕೀಲರು ಸಿಗಲೇಬೇಕು. ನಿಮಗೆ ಸಿಕ್ಕಿದ್ದು ಅದೇ ಕಾನೂನಿಂದ." ವಕೀಲಮ್ಮ ಹಣೆ ಉಜ್ಜಿಕೊಂಡರು. "ಅವನ ಕೇಸು ನಾನಂತೂ ತಗೊಳ್ಳೋ ಹಾಗಿಲ್ಲ, ನೀವು ನನ್ನ ಕಕ್ಷಿದಾರರು. ಸೇತುವೆ ಆಚೆ ಕಚೇರಿಗೆ ಫೋನ್ ಮಾಡ್ತೀನಿ, ಇವತ್ತೇ ನೋಡ್ತಾರೆ." ದನಿ ತಗ್ಗಿಸಿ, "ಇನ್ನೊಂದು ಕೇಳಿ. ಬೇರೆಯವರನ್ನ ಹಿಂಸೆ ಮಾಡಿದವನಿಗೆ ಆಶ್ರಯ ಇಲ್ಲ. ಅದೂ ಅದೇ ಕಾನೂನಲ್ಲೇ ಬರೆದಿದೆ. ಅಧಿಕಾರಿ ಮುಂದೆ ಸಾಕ್ಷಿ ಹೇಳೋಕೆ ನಿಮಗೆ ಹಕ್ಕಿದೆ. ಕದ್ದು ಚೀಟಿ ತಪ್ಪಿಸೋದಕ್ಕಿಂತ ಅದು ಗಟ್ಟಿ," ಅಂದರು.

ಚೀಟಿ ಅಕ್ಕನಿಗೆ ಈ ದಾರಿ ಹೊಳೆದೇ ಇರಲಿಲ್ಲ. ಸೇತುವೆಯಾಚೆಯ ವಿಳಾಸ ಬರೆದಿದ್ದ ಕಾಗದವನ್ನು ವಕೀಲಮ್ಮನ ಕೈಯಿಂದ ತೆಗೆದುಕೊಂಡು, "ನಾನೇ ಕೊಟ್ಟು ಬರ್ತೀನಿ," ಅಂದಳು. ವಕೀಲಮ್ಮ ಒಂದು ಗಳಿಗೆ ಅವಳ ಮುಖ ನೋಡಿದರು, ಬೇಡ ಅನ್ನಲಿಲ್ಲ.

ಅವನು ಹೊರಗೆ ಬಾಗಿಲ ಬಳಿ ನಿಂತಿದ್ದ. ಕೆಳಗೆ ಅಂಗಡಿಯವರು ಚಕ್ರ ಬಿಚ್ಚುವ ಸದ್ದು ನಿಂತಿತ್ತು, ಊಟದ ಹೊತ್ತು. ಅವಳು ಕಾಗದ ತೋರಿಸಿದಳು, ಕೊಡಲಿಲ್ಲ.

"ಇದು ವಕೀಲರ ವಿಳಾಸ. ಕೊಡ್ತೀನಿ. ಮೊದಲು ನಾನು ಕೇಳಿದ್ದಕ್ಕೆ ಹೇಳು." ಬಹುವಚನ ಹೋಗಿ ಏಕವಚನ ಬಂದದ್ದಕ್ಕೇ ಅವನು ತಲೆ ಎತ್ತಿದ. "ಠಾಣೆ ಗೇಟಿಗೆ ಒಬ್ಬಳು ಬರ್ತಿದ್ಲು, ಬಿಳೀ ಕೂದಲಿನ ವಕೀಲರ ಜೊತೆ. ಕೋರ್ಟ್ ಕಾಗದ ಹಿಡ್ಕೊಂಡು. ವಕೀಲರ ಕನ್ನಡಕ ಬಿತ್ತು. ನೀನು ನಕ್ಕೆ."

"ಅಲ್ಲಿಗೆ ಎಷ್ಟೋ ಜನ ಬರ್ತಿದ್ರು…"

"ವ್ಯಾನ್ ಡ್ರೈವರ್ ಹೆಂಡ್ತಿ."

ಅವನು ಗೋಡೆಗೆ ಕೈ ಕೊಟ್ಟು ನಿಂತ. "ನಾನು ಗೇಟ್ ಕಾಯೋನು ಅಕ್ಕ. ನನ್ನ ಕೈಲಿ ಏನಿತ್ತು?"

"ಗೇಟ್ ಇತ್ತು. ನಾವು ಬಂದಾಗ ಅವರು ಬದುಕಿದ್ರಾ, ಇಲ್ವಾ? ಅಷ್ಟು ಹೇಳು."

ಅವನು ಅಭ್ಯಾಸದಂತೆ ಅವಳ ತಲೆಯ ಮೇಲಿಂದ ನೋಡಲು ಹೋದ. ಅವಳು ಒಂದು ಹೆಜ್ಜೆ ಮುಂದೆ ಬಂದು ಅವನ ಕಣ್ಣಿಗೇ ಅಡ್ಡ ನಿಂತಳು.

"ಇದ್ರು," ಅಂದ. "ಮೊದಲನೇ ದಿನ ಇದ್ರು. ಎರಡನೇ ದಿನಾನೂ. ನೀರು ಕೇಳ್ತಿದ್ರು, ಗೇಟಿನ ತನಕ ಕೇಳಿಸ್ತಿತ್ತು. ವಕೀಲರು ನೋಡಿಬಿಟ್ರೆ ಕೋರ್ಟಿಗೆ ಹಾಜರು ಮಾಡಬೇಕಾಗುತ್ತೆ, ಯಾರನ್ನೂ ಬಿಡಬೇಡ ಅಂದಿದ್ರು ಒಳಗಿನೋರು. ಬಿಟ್ಟಿದ್ರೆ… ಉಳೀತಿದ್ರೇನೋ."

ಅವಳು ಅಳಲಿಲ್ಲ. ಎದೆಯೊಳಗೆ ಉರಿ ಭಗ್ಗೆಂದು ಎದ್ದಿತು, ಅದರ ಜೊತೆಗೇ ಎಷ್ಟೋ ವರ್ಷಗಳಿಂದ ತೂಗಾಡುತ್ತಿದ್ದ ಮನಸ್ಸು ಒಂದು ಕಡೆಗೆ ಗಟ್ಟಿಯಾಗಿ ನಿಂತಿತು. ಕಾಗದವನ್ನು ಅವನ ಅಂಗೈಗೆ ಒತ್ತಿದಳು.

"ತಗೋ. ನಿನ್ನ ಹಾಗೆ ಬಾಗಿಲು ಹಾಕೋಳಲ್ಲ ನಾನು. ಹೋಗಿ ನಿನ್ನ ವಕೀಲರ ಹತ್ರ ಈಗ ಹೇಳಿದ್ದನ್ನೇ ಹೇಳು. ನೀನು ನುಂಗಿದ್ರೆ ಅಧಿಕಾರಿ ಮುಂದೆ ನಾನು ಹೇಳ್ತೀನಿ, ನೀರು ಕೇಳಿದ್ದನ್ನೂ ಸೇರಿಸಿ. ನಿನ್ನನ್ನ ವಾಪಸು ಕಳಿಸೋ ತನಕ ಬಿಡಲ್ಲ."

ಅವನು ಕಾಗದ ಹಿಡಿದು, "ಮಗು ಮುಖ ನೋಡಿ ಅಕ್ಕ. ಹೆಂಡ್ತಿ, ಮಗು, ಎಲ್ಲ ನನ್ನ ಅರ್ಜೀಲೇ ಇದ್ದಾರೆ. ನಾನು ಮುಳುಗಿದ್ರೆ ಅವರೂ ಮುಳುಗ್ತಾರೆ," ಅಂದ. ಮಗುವಿನ ಮೇಲೆ ಅವಳಿಗೆ ಹಗೆ ಇರಲಿಲ್ಲ. ಮಗುವನ್ನು ಗುರಾಣಿಯಂತೆ ಮುಂದೆ ಹಿಡಿದವನ ಕತ್ತು ಹಿಸುಕುವಷ್ಟು ಕೋಪ ಬಂತು, ಆದರೂ ಉತ್ತರ ಹೊಳೆಯಲಿಲ್ಲ.

ಆಗ ಮೆಟ್ಟಿಲ ಕಡೆಯಿಂದ ಸದ್ದಾಯಿತು. ಅವನ ಹೆಂಡತಿ ಎದ್ದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಬರೀ ಗೇಟ್ ತೆಗೆಯೋದು ಮುಚ್ಚೋದು ಮಾಡ್ತಿದ್ದೆ, ಯಾರಿಗೂ ಏನೂ ಮಾಡಿಲ್ಲ ಅಂದಿದ್ರಿ," ಅಂದಳು ಗಂಡನಿಗೆ. ದನಿ ಏರಿಸಲಿಲ್ಲ. ಅವಳು ಉತ್ತರಕ್ಕೆ ಕಾಯಲೂ ಇಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಅವನನ್ನು ಬಳಸಿಕೊಂಡು ಮೇಲೆ ಬಂದು, ಚೀಟಿ ಅಕ್ಕನ ಮುಂದೆ ನಿಂತಳು.

"ಅಕ್ಕ, ನನಗೂ ಮಗೂಗೂ ಬೇರೆ ಅರ್ಜಿ ಹಾಕಬಹುದಾ? ಬೇರೆ ವಕೀಲರು ಸಿಗ್ತಾರಾ?"

ತನ್ನ ಸೇಡಿಗೆ ಇಷ್ಟೊಂದು ಸಿಗುತ್ತದೆಂದು ಚೀಟಿ ಅಕ್ಕ ಎಣಿಸಿರಲಿಲ್ಲ. ಅವಳು ಆ ಹೆಂಗಸಿನ ಭುಜದ ಮೇಲಿಂದ ಗೇಟಿನವನನ್ನು ನೋಡಿದಳು, ಕಣ್ಣುತುಂಬ ನೋಡಿದಳು.

"ಸಿಗ್ತಾರೆ," ಅಂದಳು. "ಒಳಗೆ ಬಾ."