ಬೆಳಕಿಂಡಿ ಮುಚ್ಚಿದ ದಿನ

ನಾನು ಚಿಕ್ಕವಳಿದ್ದಾಗಿನ ಚಳಿ ಈಗಿನ ಹಾಗೆ ಸ್ವೆಟರ್ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ಚಳಿ ಆಗಿರಲಿಲ್ಲ. ನಮ್ಮ ಮನೆ ಇದ್ದದ್ದು ಗುಡೇಕೋಟೆಯಲ್ಲಿ. ಸುತ್ತಲೂ ಬೋಳು ಬಂಡೆಯ ಗುಡ್ಡಗಳು. ಹಗಲೆಲ್ಲ ಕಾದ ಬಂಡೆಗಳು ಸಂಜೆಯಾದೊಡನೆ ತಣ್ಣಗಾಗಿಬಿಡುತ್ತಿದ್ದವು. ಬೆಳಗ್ಗೆ ಅಂಗಳದ ಹಾಸುಗಲ್ಲಿನ ಮೇಲೆ ಕಾಲಿಟ್ಟರೆ, ಕಾಲು ನಮ್ಮದೇ ಹೌದೋ ಅಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಿತ್ತು. ಸಗಣಿ ಬಾಚಿ ಕೈ ತೊಳೆದರೆ ಬೆರಳು ಮಡಚಲು ಬರುತ್ತಿರಲಿಲ್ಲ. ನಗಬೇಡಿರೋ, ಮೊಮ್ಮಕ್ಕಳಾ! ನಲ್ಲಿ ತಿರುವಿದರೆ ಬಿಸಿನೀರು ಬರುವವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು?

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆ ಮೊಳ ದಪ್ಪ, ಕಿಟಕಿ ಮಾತ್ರ ಇಲ್ಲ. ಅದರ ಬದಲು ಒಂದೊಂದು ಕೋಣೆಯ ಮಾಳಿಗೆಯಲ್ಲೂ ಒಂದು ದುಂಡನೆಯ ತೂತು ಇತ್ತು. ಅದೇ ಬೆಳಕಿಂಡಿ. ಬೆಳಕು ಅಲ್ಲಿಂದಲೇ ಒಳಗೆ ಇಳಿಯುತ್ತಿತ್ತು, ಹೊಗೆ ಅಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಮಳೆ ಬಂದರಷ್ಟೇ ಯಾರಾದರೂ ಮೇಲೆ ಹತ್ತಿ ಅದರ ಮೇಲೊಂದು ಮಡಕೆ ಬೋರಲು ಹಾಕುತ್ತಿದ್ದರು.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಕೂಸು ಹುಟ್ಟಿತ್ತು, ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಅಕ್ಕ ಎಂದರೆ ನನಗೆ ಅವ್ವನಿಗಿಂತ ಒಂದು ಕೈ ಹೆಚ್ಚು. ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಾಯಲ್ಲಿ ಹಾಡು, ಕೈಯಲ್ಲಿ ಸೂಜಿ. ಹಾಡು ಮುಗಿಯುವುದರೊಳಗೆ ಹೊಲಿಗೆಯ ಸಾಲೂ ಮುಗಿದಿರುತ್ತಿತ್ತು.

ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ಅಪ್ಪನಿಗೋ, ಮಗಳನ್ನು ಮಾತಾಡಿಸದೆ ಅನ್ನ ಇಳಿಯುತ್ತಿರಲಿಲ್ಲ. ಮಾಳಿಗೆಯ ಮೇಲೆ ಹರವಿದ್ದ ಶೇಂಗಾದಲ್ಲಿ ಕೈಯಾಡಿಸುವ ನೆಪ ಮಾಡಿ ಏಣಿ ಹತ್ತಿ, ಬೆಳಕಿಂಡಿಗೆ ಬಾಯಿಟ್ಟು, "ಉಂಡ್ಯೇನವಾ?" ಎಂದು ಕೇಳುತ್ತಿದ್ದ. ಕೆಳಗಿನಿಂದ ಅಕ್ಕ "ಹ್ಞೂಂ" ಅನ್ನುತ್ತಿದ್ದಳು. ಅಷ್ಟೇ ಅವರ ಮಾತು. ಅಷ್ಟಕ್ಕೇ ಅಪ್ಪ ಖುಷಿಯಾಗಿ ಇಳಿದು ಬರುತ್ತಿದ್ದ.

ಒಂದು ಸಂಜೆ ಕೂಸು ಮೇಲಿಂದ ಮೇಲೆ ಸೀನಿತು. ಅಜ್ಜಿಗೆ ಗಾಬರಿಯಾಯಿತು. "ಬೆಳಕಿಂಡ್ಯಾಗಿಂದ ಥಂಡಿ ಗಾಳಿ ಇಳಿಯಾಕ ಹತ್ತೈತಿ. ಮುಚ್ಚಿ ಬಾರೋ" ಎಂದು ಅಪ್ಪನನ್ನು ಮೇಲೆ ಹತ್ತಿಸಿ ಮಡಕೆ ಹಾಕಿಸಿದಳು. ಅದರ ಮೇಲೊಂದು ಗೋಣಿಚೀಲವನ್ನೂ ಬಿಗಿಸಿದಳು. ಬಾಗಿಲಿಗೆ ಕಂಬಳಿ ಇಳಿಬಿಟ್ಟಿತ್ತು. ಮಂಚದ ಕೆಳಗೆ ಬಾಣಂತಿಗೆ ಕಾವು ಕೊಡಲು ಕೆಂಡದ ಅಗ್ಗಿಷ್ಟಿಕೆ ಇತ್ತು. ಅಜ್ಜಿ ಎಷ್ಟೋ ಬಾಣಂತನ ಮಾಡಿದವಳು, ಆದರೆ ಬೆಳಕಿಂಡಿ ಮುಚ್ಚಿ ಕೆಂಡ ಇಟ್ಟದ್ದು ಅದೇ ಮೊದಲು.

ಬೆಳಗ್ಗೆ ಅಕ್ಕ ಊಟ ಮುಟ್ಟಲಿಲ್ಲ. "ಅಜ್ಜೀ, ತೆಲಿ ಸಿಡಿಯಾಕ ಹತ್ತೈತಿ" ಎಂದಳು. "ನೋಡು, ಥಂಡಿ ಹೊಕ್ಕೇಬಿಟ್ಟೈತಿ" ಎಂದು ಅಜ್ಜಿ ನೀರೊಲೆಯಿಂದ ಇನ್ನಷ್ಟು ಕೆಂಡ ತಂದು ಸುರಿದಳು. ಅಕ್ಕನ ಕಿವಿಗೆ ಅರಿವೆ ಕಟ್ಟಿದಳು, ಕೌದಿ ಹೊದಿಸಿದಳು. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದಳು. ಆಮೇಲೆ ಕೂಸನ್ನು ಎರೆಯಲು ಅವ್ವನೂ ಅಜ್ಜಿಯೂ ಬಚ್ಚಲಿಗೆ ಹೋದರು. ಅಕ್ಕನ ಹತ್ತಿರ ಕೂರಲು ನನಗೆ ಹೇಳಿದರು.

ಒಳಗೆ ಕತ್ತಲು. ಬೆಳ್ಳುಳ್ಳಿ ಸಿಪ್ಪೆ, ಓಮದ ಹೊಗೆಯ ವಾಸನೆ. ಮಂಚದ ಕೆಳಗೆ ಕೆಂಪು ಕೆಂಡ. ಮೊದಮೊದಲು ನನ್ನ ಸೆಟೆದ ಕಾಲಿಗೆ ಜೀವ ಬಂದು ಹಾಯೆನಿಸಿತು. ಆಮೇಲೆ ರೆಪ್ಪೆ ಭಾರವಾಯಿತು, ನಾಲಿಗೆ ದಪ್ಪವಾಯಿತು. ಬಚ್ಚಲಲ್ಲಿ ಕೂಸು ಅಳುವುದು ಬೇರೆ ಯಾವುದೋ ಊರಿನಿಂದ ಬಂದಂತೆ ಕೇಳುತ್ತಿತ್ತು. ಅಕ್ಕನ ಕೈ ಮಂಚದಿಂದ ಜಾರಿ ಜೋತುಬಿತ್ತು. ನಾನು ನೋಡಿದೆ. ಎತ್ತಿ ಇಡಬೇಕು ಅನಿಸಲಿಲ್ಲ, ಕೂಗಬೇಕು ಅನಿಸಲಿಲ್ಲ. ಇದನ್ನು ನಿಮಗೆ ಹೇಗೆ ಹೇಳಲಿ? ಸಾವು ಹತ್ತಿರ ಬಂದರೆ ಹೆದರಿಕೆಯಾಗುತ್ತದೆ ಅನ್ನುತ್ತಾರಲ್ಲ, ನನಗೇನೂ ಆಗಲಿಲ್ಲ. ಭಯವಿಲ್ಲ, ದುಃಖವಿಲ್ಲ. ಸುಮ್ಮನೆ ಆ ಕೈ ನೋಡುತ್ತ ಕೂತಿದ್ದೆ.

ಆಗ ನನ್ನ ಮುಖದ ಮೇಲೆ ದುಂಡಗೆ ಬೆಳಕು ಬಿತ್ತು. ಮಗಳ ದನಿ ಕೇಳದೆ ಅಪ್ಪನಿಗೆ ತಡೆಯಲಾಗಿರಲಿಲ್ಲ. ಅಜ್ಜಿ ಬಚ್ಚಲಲ್ಲಿದ್ದುದನ್ನು ನೋಡಿಕೊಂಡು, ಕಳ್ಳನಂತೆ ಏಣಿ ಹತ್ತಿ, ಗೋಣಿಚೀಲ ಬಿಚ್ಚಿ ಮಡಕೆ ಸರಿಸಿದ್ದ.

"ಉಂಡ್ಯೇನವಾ?"

ಅಕ್ಕ ಹ್ಞೂಂ ಅನ್ನಲಿಲ್ಲ.

"ಉಂಡ್ಯೇನವಾ? ಏ ಸಣ್ಣಾಕಿ, ಅಕ್ಕ ಮಲಗ್ಯಾಳೇನು?"

ಅಪ್ಪನ ಮುಖ ನನಗೆ ಕಾಣುತ್ತಿತ್ತು. ಬಾಯಿ ತೆರೆಯಲಾಗಲಿಲ್ಲ. ಬೆಳಕಿಂಡಿಗೆ ಬಗ್ಗಿದ ಅಪ್ಪನಿಗೆ ಒಳಗಿನ ಕಾವು ಮುಖಕ್ಕೆ ಬಡಿದು ತಲೆ ಗಿರ್ರೆಂದಿತಂತೆ. ಧಡಧಡ ಇಳಿದು ಬಂದು, ಕಂಬಳಿ ಕಿತ್ತೆಸೆದು ಒಳನುಗ್ಗಿ ಅಕ್ಕನನ್ನು ಎತ್ತಿಕೊಂಡ. ಅಜ್ಜಿ ಒದ್ದೆ ಕೈಯಲ್ಲೇ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು. "ಬಾಣಂತಿನ ಹೊರಗ ಒಯ್ಯಬ್ಯಾಡೋ! ಗಾಳಿ ಸೋಕಿದ್ರ ಸತ್ತಾಳೋ!"

"ಗಾಳಿನ ಬೇಕು ಆಕಿಗೆ! ಸರೀಬೇ!"

ಅಪ್ಪ ತನ್ನ ತಾಯಿಗೆ ದನಿ ಏರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಕ್ಕನನ್ನು ಅಂಗಳದ ತಣ್ಣನೆಯ ಕಲ್ಲಿನ ಮೇಲೆ ಮಲಗಿಸಿ, ಮತ್ತೆ ಒಳಗೆ ಬಂದು ನನ್ನನ್ನು ರಟ್ಟೆ ಹಿಡಿದು ಎಳೆದೊಯ್ದ. ನಾನು ಅಲ್ಲೇ ವಾಂತಿ ಮಾಡಿದೆ. ಅವ್ವನ ತೋಳಲ್ಲಿ ಸೀಗೆಪುಡಿ ಮೆತ್ತಿದ ಕೂಸು ಕಿರುಚುತ್ತಿತ್ತು. ಅಪ್ಪ ಅಕ್ಕನ ಕೆನ್ನೆ ತಟ್ಟುತ್ತ "ಉಂಡ್ಯೇನವಾ? ಹ್ಞೂಂ ಅನ್ನವಾ, ಉಂಡ್ಯೇನವಾ?" ಎಂದು ಕೇಳುತ್ತಲೇ ಇದ್ದ. ಬೇರೆ ಯಾವ ಮಾತೂ ಅವನ ಬಾಯಿಗೆ ಬರುತ್ತಿರಲಿಲ್ಲ. ಎಷ್ಟು ಹೊತ್ತಾಯಿತೋ. ಕೊನೆಗೆ, ಇರುವೆ ಹರಿದಷ್ಟು ಸಣ್ಣ ದನಿಯಲ್ಲಿ, ಅಕ್ಕ "ಹ್ಞೂಂ" ಅಂದಳು.

ಎತ್ತಿನ ಗಾಡಿಯಲ್ಲಿ ಕೂಡ್ಲಿಗಿಯ ಆಸ್ಪತ್ರೆಗೆ ಒಯ್ದರು. ಅಲ್ಲಿಯ ನರ್ಸಮ್ಮ, "ಹೊಗಿ ಕಣ್ಣಿಗೆ ಕಾಣತೈತ್ರಿ. ಕೆಂಡದಾಗ ಇನ್ನೊಂದು ವಿಷ ಇರತೈತಿ, ಅದು ಕಾಣಂಗಿಲ್ಲ, ವಾಸನಿನೂ ಬರಂಗಿಲ್ಲ. ಗಾಳಿ ಆಡದಿದ್ರ ಮಲಗಿದಲ್ಲೇ ಜೀವ ಒಯ್ಯತೈತಿ" ಎಂದು ಹೇಳಿದರಂತೆ. ಅಜ್ಜಿ ಆ ಮಡಕೆಯನ್ನು ತಾನೇ ಅಂಗಳದಲ್ಲಿ ಒಡೆದು ಹಾಕಿದಳು. ದನಕ್ಕೆ ಮೇವು ಹಾಕಿದೆವು, ರೊಟ್ಟಿ ತಿಂದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನಗೆ ಅಳುವೂ ಬರಲಿಲ್ಲ.

ಅಕ್ಕ ಬದುಕಿದಳು. ಆದರೆ ಹಾಡು ನಡುವೆಯೇ ಮರೆಯತೊಡಗಿದಳು. ಸೂಜಿಗೆ ದಾರ ಪೋಣಿಸಲು ಅವಳ ಕೈ ಒಪ್ಪುತ್ತಿರಲಿಲ್ಲ. ಬೇಸಿಗೆ ಹೊತ್ತಿಗೆ ಒಂದು ದಿನ, ತಾನೇ ಅರ್ಧ ಹೊಲಿದಿಟ್ಟಿದ್ದ ಕೌದಿಯನ್ನು ಮುಂದೆ ಹರವಿಕೊಂಡು, "ಇದು ಯಾರದೇ? ಭಾಳ ಚೆಂದ ಹೊಲದಾರ" ಎಂದು ನನ್ನನ್ನೇ ಕೇಳಿದಳು. ಅವತ್ತು ಹಿತ್ತಿಲಿಗೆ ಹೋಗಿ ಮನಸಾರೆ ಅತ್ತುಬಿಟ್ಟೆ.

ಈಗ ನಾವಿರುವುದು ಹಗರಿಬೊಮ್ಮನಹಳ್ಳಿಯ ಸಿಮೆಂಟಿನ ಮನೆಯಲ್ಲಿ. ಇಲ್ಲಿ ಕೆಂಡವಿಲ್ಲ, ಬೆಳಕಿಂಡಿಯಿಲ್ಲ. ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆ, ಗಾಳಿ ಆಡದಿದ್ದರೆ ಅದರ ಉರಿಯೂ ಕೆಂಡದ ವಿಷವನ್ನೇ ಕಾರುತ್ತದೆ. ಅದಕ್ಕೆಂದೇ ಗೋಡೆಯ ಮೇಲ್ಗಡೆ ಗೇಣಗಲದ ಗವಾಕ್ಷಿ ಇದೆ. ಮೊನ್ನೆ ನಮ್ಮ ಮೊಮ್ಮಗಳು ಮಹಾತಾಯಿ, ಚಳಿ ಬರುತ್ತದೆಂದು ಆ ಗವಾಕ್ಷಿಗೆ ಥರ್ಮಾಕೋಲ್ ತುರುಕಿ ಸ್ನಾನಕ್ಕೆ ನಿಂತಿದ್ದಳು. ಹೊರಗಿನಿಂದ ಅದನ್ನು ನೋಡಿದವಳೇ ಒಳಗೆ ಓಡಿದೆ. ಬಾಗಿಲು ಬಡಿದೆ, ಕೂಗಿದೆ. ಒಳಗೆ ಮೊಬೈಲಿನ ಹಾಡು, ನೀರಿನ ಸದ್ದು. ಇನ್ನೊಮ್ಮೆ ಬಡಿದೆ.

"ಅದೀನಿ ಅಜ್ಜೀ! ಏನೀಗ?"

ಮೊದಲು ಗೀಸರ್ ಆರಿಸಿ ಹೊರಗೆ ಬಾರೇ ಎಂದೆ. ಅವಳು ಬರುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ.

ಕೊಟ್ಟೂರಿನಲ್ಲಿರುವ ಅಕ್ಕನನ್ನು ನೋಡಲು ಕಾರಿನಲ್ಲಿ ಹೋಗುವಾಗಲೂ ಇದೇ ಜಗಳ. ಮಂಜು ಮುಸುಕಿದೆಯೆಂದು ರಸ್ತೆ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ ಗಾಜು ಏರಿಸಿ ಮಲಗಿಬಿಡುತ್ತೀರಿ. ಅದರ ಹೊಗೆಯಲ್ಲೂ ಅದೇ ವಿಷ. ನಾನು ಎಂಜಿನ್ ಆರಿಸಲು ಹೇಳಿ, ನನ್ನ ಕಡೆಯ ಗಾಜು ಇಳಿಸುತ್ತೇನೆ. "ಅಜ್ಜೀ, ಥಂಡಿ!" ಎಂದು ನೀವು ಬೊಬ್ಬೆ ಹೊಡೆಯುತ್ತೀರಿ. ಹೊಡೆಯಿರಿ. ಬೊಬ್ಬೆ ಕೇಳಿಸಿದರೆ ನನಗೆ ಸಮಾಧಾನ.

ಈಗ ಥರ್ಮಾಕೋಲ್ ಕಸದ ಬುಟ್ಟಿಗೆ ಹೋಗಿದೆ. ಬಚ್ಚಲಿಗೆ ಹೋದವರನ್ನು ಹೊರಗಿದ್ದವರು ಕರೆಯಬೇಕು, ಒಳಗಿದ್ದವರು ಹ್ಞೂಂ ಅನ್ನಬೇಕು. ಇದು ಈ ಮನೆಯ ಕಾನೂನು. ನಾನು ಸ್ನಾನಕ್ಕೆ ಹೋದಾಗ ಸಣ್ಣ ಮೊಮ್ಮಗ ಬಾಗಿಲಿಗೆ ಬಾಯಿಟ್ಟು, "ಉಂಡ್ಯೇನಜ್ಜೀ?" ಎಂದು ಕೂಗುತ್ತಾನೆ. ಮೈಮೇಲೆ ಸುರಿದುಕೊಂಡ ತಂಬಿಗೆ ನೀರು ನೆಲ ಮುಟ್ಟುವುದರೊಳಗೆ ನಾನು ಹ್ಞೂಂ ಅಂದಿರುತ್ತೇನೆ.