ಎತ್ತು ಕಟ್ಟಿದ ವಿಮಾನ

ಚನ್ನಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಬೊಂಬೆ ಮಾಡುವವರು ೧೯೧೪ರ ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಜೊತೆ ಇರಾಕಿನ ಬಸ್ರಾಕ್ಕೆ ಹೋಗಿ, ವಿಮಾನದ ಬಡಗಿಯಾಗಿದ್ದು ಬಂದವರು. ಎರಡಂತಸ್ತಿನ ರೆಕ್ಕೆಯ ಆ ಮರದ ವಿಮಾನದ ಶೌರ್ಯವನ್ನು ಪತ್ರಿಕೆಗಳು ಹೊಗಳಿ ಹೊಗಳಿ ಸುಸ್ತಾಗಿದ್ದವು. ಇವರನ್ನು ಕೇಳಿದರೆ ಬೆರಳಿಗಂಟಿದ ಅರಗು ಕೆರೆಯುತ್ತಾ, "ನಾ ಕಂಡಿದ್ದು ಇಷ್ಟೇಯ. ಬೆಳಿಗ್ಗೆ ಹಾರೋದು, ಸಂಜೆಗೆ ಎತ್ತು ಎಳ್ಕಂಡ್ ಬರೋವು, ನಾ ಮುರ್ದ ರೆಕ್ಕೆ ಕಟ್ಟೋನು" ಎನ್ನುತ್ತಿದ್ದರು.

ಮೈಸೂರಿನ ವಸ್ತುಪ್ರದರ್ಶನಕ್ಕೆಂದು ಅಮಲ್ದಾರರು ಇವರಿಂದಲೇ ವಿಮಾನದ ಬೊಂಬೆ ಮಾಡಿಸಿದರು. ಸಾಮ್ರಾಜ್ಯದ ಗೌರವದ ಪ್ರಶ್ನೆ ನೋಡಿ. ಇವರು ನಾಜೂಕಾಗಿ ಕಡೆದು, ಕೆಂಪು ಅರಗು ಹಚ್ಚಿ, ಮುಂದೆ ಎರಡು ಎತ್ತು ಕಟ್ಟಿ ಒಪ್ಪಿಸಿದರು.

ಅಮಲ್ದಾರರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. "ಎತ್ತು ಹಾಳಾಗಲಿ. ಹಾರಿಸುವವನು ಎಲ್ಲಯ್ಯಾ?"

"ಅವ್ರು ಹಿಂದಿನ ಗಾಡೀಲಿ ಬರೋರು ಸ್ವಾಮಿ. ಮಕದ ಮ್ಯಾಲೆ ಬಟ್ಟೆ ಮುಚ್ಚಿರೋರು."